ಸಮಸ್ಯೆ: ಕವಿಗೆ ಕೆಲಸವೆ ರಜೆಯು, ರಜೆಯೆ ಕೆಲಸ

ಪೃಚ್ಛಕ, ಮೈಸೂರು:
ಗೆಳೆಯರೇ, ಈ ವಾರದ ಸಮಸ್ಯೆ ಮೇಲಿದೆ. ಇದು ಚೌಪದಿಯ ಕೊನೆಯ ಸಾಲು, ಮೊದಲ ಮೂರು ಸಾಲು ಬರೆದು ಪೂರಣ ಮಾಡುವುದು ನಿಮ್ಮ ಪಾಲಿನದು. ಒಂದು ಮತ್ತು ಮೂರನೆಯ ಸಾಲುಗಳಲ್ಲಿ ಐದು ಮಾತ್ರೆಯ ನಾಲ್ಕು ಗಣಗಳು. ಎರಡು ಮತ್ತು ನಾಲ್ಕರಲ್ಲಿ ಅಂಥ ಮೂರು ಗಣಗಳು, ಕೊನೆಯಲ್ಲೊಂದು ಅಕ್ಷರ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ವ-ಕಾರ. ಅದರ ಹಿಂದೆ ಲಘು ಇರಲೇಬೇಕು.

ಇನ್ನೊಂದು ನಿಬಂಧನೆ. ಕವಿಯೆಂದರೆ ಹೀಗೆ, ಹಾಗೆ ಎಂಬ ಗಾಳಿಮಾತು ಬೇಡ. ಹೊಟ್ಟೆಪಾಡಿಗೆ ಬೇರೊಂದು ಕಸುಬು ಹಿಡಿದು ಬರೆದ ಒಬ್ಬರ ಬದುಕು ಪದ್ಯದಲ್ಲಿ ಕಾಣಬೇಕು. ಕನ್ನಡದಲ್ಲಿ ಅಂಥವರೇ ಹೆಚ್ಚು. ಕಥೆ, ಪದ್ಯಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾವು ಬರೆದವರ ಹಗಲುಗಳ ಬಗ್ಗೆ ಮಾತನಾಡುವುದು ತೀರ ಕಡಿಮೆ.

ದೈಹಿಕ ಶಿಕ್ಷಕ, ಉಡುಪಿ:
ನನ್ನ ಕಸುಬಿನವನೇ ಆದ ಮುದ್ದಣನಿಂದ ಶುರು ಮಾಡುತ್ತೇನೆ.

ಬೆವರಿಳಿಸಿ ಮಕ್ಕಳಿಗೆ ಕಸರತ್ತು ಕಲಿಸಿದವ
ಕವಿಯೆಂದು ಹೆಸರನೊರೆಯದೆಯೆ ಬರೆದ
ಸವೆದುದಾಯುಷ್ಯ ಮೂವತ್ತೊಂದಕೇ, ಮಡದಿ!
ಕವಿಗೆ ಕೆಲಸವೆ ರಜೆಯು, ರಜೆಯೆ ಕೆಲಸ

ಪೃಚ್ಛಕ, ಮೈಸೂರು:
ಛಂದಸ್ಸು ಶುದ್ಧವಾಗಿದೆ. ‘ಮಡದಿ’ ಎಂದ ಕೂಡಲೇ ರಾಮಾಶ್ವಮೇಧದಲ್ಲಿ ಮುದ್ದಣನಿಂದ ಕಥೆ ಕೇಳುವ ಮನೋರಮೆ ಎದ್ದು ಬಂದಳು. ಆದರೆ ಮೂರು ಸಾಲು ಒಂದು ಕಡೆ, ಸಮಸ್ಯೆ ಇನ್ನೊಂದು ಕಡೆ ನಿಂತಿವೆ. ಕೆಲಸ ರಜೆಯಾದದ್ದು ಹೇಗೆ, ರಜೆ ಕೆಲಸವಾದದ್ದು ಹೇಗೆ ಎಂಬುದು ಪದ್ಯದೊಳಗೇ ಇತ್ಯರ್ಥವಾಗಬೇಕು. ಎರಡನೆಯ ಸಾಲನ್ನು ಬದಲಿಸಿ ನೋಡಿ.

ಔಷಧ ವ್ಯಾಪಾರಿ, ಹಾಸನ:
ಮುದ್ದಣನ ಹೆಸರು ಉಳಿದಿರುವುದು ರಾಮಾಶ್ವಮೇಧದ ಗದ್ಯದಿಂದ. ‘ಕವಿಗೆ’ ಎನ್ನಬಹುದೇ?

ದೈಹಿಕ ಶಿಕ್ಷಕ, ಉಡುಪಿ:
ಖಂಡಿತ ಎನ್ನಬಹುದು ಸರ್. ಶ್ರೀರಾಮಪಟ್ಟಾಭಿಷೇಕ ವಾರ್ಧಕ ಷಟ್ಪದಿಯಲ್ಲಿದೆ, ಯಕ್ಷಗಾನ ಪ್ರಸಂಗಗಳನ್ನೂ ಬರೆದಿದ್ದಾನೆ. 1870ರಲ್ಲಿ ಹುಟ್ಟಿ 1901ರಲ್ಲಿ ಕ್ಷಯದಿಂದ ತೀರಿಕೊಂಡ ನಂದಳಿಕೆಯ ಲಕ್ಷ್ಮೀನಾರಣಪ್ಪ, ತಾನೇ ಬರೆದದ್ದನ್ನು ಯಾರೋ ಹಳೆಯ ಕವಿಯದೆಂದು ಮೈಸೂರಿಗೆ ಕಳುಹಿಸಿದ. ಅಂಗಸಾಧನೆಯ ಮೇಷ್ಟ್ರು ಹಳಗನ್ನಡ ಬರೆಯಬಲ್ಲನೆಂದು ಯಾರು ನಂಬುತ್ತಿದ್ದರು? ನಾನೂ ಸೀಟಿ ಊದುವವನೇ. ಪದ್ಯ ಬರೆಯುತ್ತೇನೆಂದರೆ ಜನ ಈಗಲೂ ಒಮ್ಮೆ ನನ್ನ ಮುಖ ನೋಡುತ್ತಾರೆ. ತಿದ್ದಿದ ಸಾಲು ಹೀಗಿದೆ:

ಬೆವರಿಳಿಸಿ ಮಕ್ಕಳಿಗೆ ಕಸರತ್ತು ಕಲಿಸಿದವ
ಕವಿತೆಗಿರುಳೆಲ್ಲ ಮೈಮುರಿದು ದುಡಿದ

ಪೃಚ್ಛಕ, ಮೈಸೂರು:
ಭೇಷ್! ಈಗ ಸಮಸ್ಯೆ ಪದ್ಯದೊಳಗಿನಿಂದಲೇ ಬಂತು. ಮೈದಾನದಲ್ಲಿ ಬೆವರಿಳಿಸುವವನು ಮೈಮುರಿದದ್ದು ಮಾತ್ರ ಹಾಳೆಯ ಮುಂದೆ.

ನಿವೃತ್ತ ಶಿರಸ್ತೇದಾರ, ಕೋಲಾರ:
ನಮ್ಮ ಜಿಲ್ಲೆಯ ಮಾಸ್ತಿಯವರ ಬಗ್ಗೆ. ಕಿರಿಯರೊಬ್ಬರನ್ನು ತಮಗಿಂತ ಮೇಲಕ್ಕೇರಿಸಿದಾಗ 1943ರಲ್ಲಿ ಸರ್ಕಾರಿ ಹುದ್ದೆಯನ್ನೇ ಬಿಟ್ಟು ಬಂದವರು. ಮರುವರ್ಷವೇ ‘ಜೀವನ’ ಪತ್ರಿಕೆಯ ಹೊಣೆ ಹೊತ್ತರು.

ಅವಮಾನ ಸಹಿಸದೆಯೆ ಪದವಿಯನು ತೊರೆದವರು
ಅವಸರದೆ ‘ಜೀವನ’ದ ಹೊರೆಯ ಹೊತ್ತು
ಯುವಕರಿಗೆ ಪುಟ ತೆರೆದು ಕುಳಿತು ಕರಡೋದಿದರು
ಕವಿಗೆ ಕೆಲಸವೆ ರಜೆಯು, ರಜೆಯೆ ಕೆಲಸ

ಪೃಚ್ಛಕ, ಮೈಸೂರು:
‘ಜೀವನ’ದ ಎರಡರ್ಥ ಚೆನ್ನಾಗಿ ಕೂತಿದೆ.

ಗ್ರಂಥಪಾಲಕ, ಚಾಮರಾಜನಗರ:
ಯಳಂದೂರಿನ ಹೆಣ್ಣುಮಗಳನ್ನು ಮರೆಯುವುದುಂಟೇ? ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದವಳು ‘ಹದಿಬದೆಯ ಧರ್ಮ’ ಬರೆದಳು.

ಕವಳ ಮಡಿಸುವ ಕೈಯ ಸಂಚಿಹೊನ್ನಮ್ಮನಿಗೆ
ಅವಸರದೊಳರಮನೆಯ ಸೇವೆ ಬಿಡುವು
ಸವಿನುಡಿಯ ಸಾಂಗತ್ಯ ಕಟ್ಟಿದುದೆ ದುಡಿಮೆ ಕಾಣ್
ಕವಿಗೆ ಕೆಲಸವೆ ರಜೆಯು, ರಜೆಯೆ ಕೆಲಸ

ಪ್ರೌಢಶಾಲಾ ಶಿಕ್ಷಕಿ, ಶಿರಸಿ:
ಪದ್ಯ ಚೆಂದವಾಗಿದೆ, ಆದರೆ ನನ್ನದೊಂದು ತಕರಾರಿದೆ. ಅರಮನೆಯ ಊಳಿಗವನ್ನು ಬಿಡುವು ಎನ್ನಲು ನಾವು ಯಾರು? ಸಂಚಿ ಹಿಡಿದವಳು ರಾಣಿ ಕರೆದಾಗಲೆಲ್ಲ ಹೋಗಿ ನಿಲ್ಲಬೇಕಿತ್ತು. ಅವಳು ಯಾವ ಹೊತ್ತಿನಲ್ಲಿ ಬರೆದಳು ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಇಲ್ಲಿಯವರೆಗಿನ ಪೂರಣಗಳೆಲ್ಲ ‘ರಜೆ’ ಎಂದರೆ ಬರೆಯಲು ಸಿಗುವ ಹೊತ್ತು ಎಂದೇ ಹಿಡಿದಿವೆ. ನಮಗೆ ರಜೆಯೆಂದರೆ ಮನೆ ತುಂಬ ನೆಂಟರು, ಹೋಳಿಗೆಯ ಕಣಕ, ಬಾಣಲೆ. ದೀಪಾವಳಿಯ ರಜೆಯಲ್ಲಿ ನಾನು ಒಂದು ಸಾಲನ್ನೂ ಬರೆದದ್ದಿಲ್ಲ. ಸಮಸ್ಯೆಯನ್ನು ಅಕ್ಷರಶಃ ತೆಗೆದುಕೊಂಡಿದ್ದೇನೆ, ನಿಬಂಧನೆಯ ಪ್ರಕಾರ ಇದೂ ಒಬ್ಬರ ನಿಜವಾದ ಬದುಕೇ.

ದಿವಸವಿಡಿ ಹಬ್ಬವೆಂದೊಲೆಯ ಮುಂದಿರುವವಳು
ಬೆವರೊರಸಿ ತರಗತಿಗೆ ಮರಳಿ ಬರಲು
ಕವನವೊಂದರಳುವುದು ಬಿಡುವಿನವಧಿಯ ನಡುವೆ
ಕವಿಗೆ ಕೆಲಸವೆ ರಜೆಯು, ರಜೆಯೆ ಕೆಲಸ

ಗ್ರಂಥಪಾಲಕ, ಚಾಮರಾಜನಗರ:
ಮೇಡಂ, ನನ್ನ ಪದ್ಯದಲ್ಲಿ ‘ಬಿಡುವು’ ಈಗ ಚುಚ್ಚುತ್ತಿದೆ. ನಿಮ್ಮ ಪೂರಣದ ಮುಂದೆ ಅದನ್ನು ಇಡಲಾರೆ, ಹಿಂತೆಗೆದುಕೊಳ್ಳುತ್ತೇನೆ.

ಪೃಚ್ಛಕ, ಮೈಸೂರು:
ಹಿಂತೆಗೆದುಕೊಳ್ಳಬೇಡಿ, ಎರಡೂ ಅಕ್ಕಪಕ್ಕ ಇರಲಿ. ಅಕ್ಕ, ಸಮಸ್ಯೆ ಕೊಟ್ಟವನಿಗೂ ಹೊಳೆಯದ ಅರ್ಥವನ್ನು ನೀವು ಅದರಿಂದ ತೆಗೆದಿದ್ದೀರಿ. ಒಂದಕ್ಷರ ಅಲುಗಿಸದೆ ಸಾಲಿನ ಮುಖವನ್ನೇ ತಿರುಗಿಸಿದಿರಿ. ಪೂರಣದ ಹೆಚ್ಚುಗಾರಿಕೆ ಇರುವುದು ಇದರಲ್ಲಿ.

ನರ್ಸಿಂಗ್ ವಿದ್ಯಾರ್ಥಿನಿ, ದಾವಣಗೆರೆ:
ನಾನು ಹೊಸಬಳು. ಡಾಕ್ಟರ್ ಅನುಪಮಾ ನಿರಂಜನ ಅವರ ಮೇಲೆ ಒಂದೇ ಸಾಲು ಬಂದಿದೆ: ‘ಜ್ವರ ನೋಡಿ ಚೀಟಿ ಬರೆದವಳು ಕಥೆ ಬರೆದಾಗ’. ಮುಂದೆ ಹೋಗುತ್ತಿಲ್ಲ.

ಪೃಚ್ಛಕ, ಮೈಸೂರು:
ಮಾತ್ರೆ ಸರಿಯಾಗಿದೆ ಮಗಳೇ, ಪ್ರಾಸ ತಪ್ಪಿದೆ. ಎರಡನೆಯ ಅಕ್ಷರ ರ ಆಗಿದೆ, ವ ಬರಬೇಕು. ‘ಅವಳ ಕೈ ನಾಡಿಯನು ಹಿಡಿದು ಕಥೆ ಕೇಳಿತ್ತು’ ಎಂದು ಹಿಡಿದು ಮುಂದುವರಿಸು. ಬವಣೆ, ದಿವಸ, ತವಕ, ಕವಚ ಇವೆಲ್ಲ ನಿನಗೆ ಒದಗುತ್ತವೆ.

ನರ್ಸಿಂಗ್ ವಿದ್ಯಾರ್ಥಿನಿ, ದಾವಣಗೆರೆ:
ಅವಳ ಕೈ ನಾಡಿಯನು ಹಿಡಿದು ಕಥೆ ಕೇಳಿತ್ತು
ಬವಣೆಗಳ ಮದ್ದಿನೊಡನರಿತು ಬಂತು
ದಿವಸ ಮುಗಿದಾಗ ಬಿಳಿಹಾಳೆಯಲಿ ಸರತಿ ನಿಲೆ
ಕವಿಗೆ ಕೆಲಸವೆ ರಜೆಯು, ರಜೆಯೆ ಕೆಲಸ

ಹೊರರೋಗಿ ವಿಭಾಗದಲ್ಲಿ ಬೆಳಗಿನ ಸರತಿ ನೋಡಿದವರಿಗೆ ಮೂರನೆಯ ಸಾಲು ತಿಳಿಯುತ್ತದೆ. ಸಂಜೆ ಮನೆಗೆ ಬಂದರೂ ಆ ಮುಖಗಳು ಹೋಗುವುದಿಲ್ಲ.

ಪ್ರೌಢಶಾಲಾ ಶಿಕ್ಷಕಿ, ಶಿರಸಿ:
‘ಬಿಳಿಹಾಳೆಯಲಿ ಸರತಿ ನಿಲೆ’ ಅದ್ಭುತವಾಗಿದೆ. ಬಸುರಿ, ಬಾಣಂತಿಯರಿಗಾಗಿ ‘ತಾಯಿ ಮಗು’ ಬರೆದ ಕೈಯೇ ಕಾದಂಬರಿಗಳನ್ನೂ ಬರೆಯಿತು. ನಮ್ಮ ಮನೆಯಲ್ಲಿ ಆ ಪುಸ್ತಕ ನನ್ನ ಅಮ್ಮನಿಂದ ನನಗೆ ಬಂದಿದೆ. ಬರೆಯುತ್ತಿರು ತಂಗಿ.

ಅನುವಾದಕ, ಮುಂಬಯಿ:
ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯ ರಾಳದ ಉದ್ಯಮದಲ್ಲಿ ದುಡಿದ ಕಾದಂಬರಿಕಾರ ಯಶವಂತ ಚಿತ್ತಾಲರಿಗೆ:

ಸವಿಯಿರದ ರಾಳದಲಿ ದಿನವಿಡೀ ಮುಳುಗಿದವ
ಅವಧಿಯಿಲ್ಲದೆ ಹನೇಹಳ್ಳಿಗಾಗಿ
ಕವಲೊಡೆವ ಮನದ ಹೆಜ್ಜೆಯ ಬೆನ್ನುಹತ್ತಿದನು
ಕವಿಗೆ ಕೆಲಸವೆ ರಜೆಯು, ರಜೆಯೆ ಕೆಲಸ

ಪಾಳಿ ಮೇಲ್ವಿಚಾರಕ, ರಾಸಾಯನಿಕ ಕಾರ್ಖಾನೆ, ಮಂಗಳೂರು:
‘ಸವಿಯಿರದ’ ಎಂಬುದನ್ನು ನಾನು ಒಪ್ಪುವುದಿಲ್ಲ ಸರ್. ಫೀನಾಲ್, ಫಾರ್ಮಾಲ್ಡಿಹೈಡ್ ಸೇರಿ ಬೇಕಲೈಟ್ ರಾಳ ಆಗುವುದನ್ನು ನೋಡಿದ್ದೀರಾ? ಮೊದಲು ಪಾಕದ ಹಾಗೆ ಹರಿಯುತ್ತದೆ. ಕಾವು ಏರಿದಂತೆ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಒಮ್ಮೆ ಗಟ್ಟಿಯಾದರೆ ಎಷ್ಟು ಕಾಯಿಸಿದರೂ ಮತ್ತೆ ಕರಗುವುದಿಲ್ಲ. ಹದ ತಪ್ಪಿದರೆ ಇಡೀ ಪಾತ್ರೆಯ ಸರಕು ಹಾಳು. ಪಾಲಿಮರ್ ತಂತ್ರಜ್ಞಾನ ಕಲಿತು ಅದೇ ಉದ್ಯಮದಲ್ಲಿ ದುಡಿದವರಿಗೆ ಇದು ಬೇಸರದ ಸಂಗತಿಯಾಗಿತ್ತೆಂದು ನನಗೆ ಅನ್ನಿಸುವುದಿಲ್ಲ. ಅವರ ಕಾದಂಬರಿ ‘ಶಿಕಾರಿ’ಯ ನಾಗಪ್ಪ ದುಡಿಯುವುದೂ ಮುಂಬಯಿಯ ರಾಸಾಯನಿಕ ಕಂಪನಿಯಲ್ಲಿಯೇ. ನೌಕರಿ ಬರವಣಿಗೆಗೆ ಅಡ್ಡಿಯೆಂದು ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಇಲ್ಲಿ ನೌಕರಿಯಿಂದಲೇ ಕಾದಂಬರಿ ಹುಟ್ಟಿದೆ.

ಅನುವಾದಕ, ಮುಂಬಯಿ:
ಒಪ್ಪಿದೆ. ‘ಹವಣರಿತು ರಾಳವನು ದಿನವಿಡೀ ಕುದಿಸಿದವ’ ಎಂದರೆ?

ಪಾಳಿ ಮೇಲ್ವಿಚಾರಕ, ಮಂಗಳೂರು:
ಹವಣು! ಅದೇ ಬೇಕಾಗಿದ್ದ ಪದ. ಈಗ ಪದ್ಯ ನಮ್ಮ ಪಾಳಿಯವರಿಗೂ ಓದಿ ಹೇಳುವಂತಾಯಿತು.

ಸೀರೆ ನೇಕಾರ, ಇಳಕಲ್ಲು:
ಎಲ್ಲರೂ ಕೆಲಸ ಒಂದು, ಪದ್ಯ ಇನ್ನೊಂದು ಎಂದೇ ಹೊರಟಿದ್ದೀರಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಆ ಗೋಡೆಯೇ ಇರಲಿಲ್ಲ. ಕದಿರ ರೆಮ್ಮವ್ವೆ ನೂಲುವವಳು. ತಾನು ತಿರುಗಿಸುವ ರಾಟೆಯ ಕುಲ ಕೇಳಿರೆಂದು ಹೇಳಿ, ಅಡಿಯ ಹಲಗೆ ಬ್ರಹ್ಮ, ತೋರಣ ವಿಷ್ಣು, ನಿಂತ ಬೊಂಬೆ ಮಹಾರುದ್ರ ಎಂದು ಒಂದೊಂದೇ ಅಂಗವನ್ನು ತೋರಿಸುತ್ತಾಳೆ. ನಮ್ಮ ಮನೆಯಲ್ಲಿ ತಾಯಿ ಈಗಲೂ ರಾಟೆಯಲ್ಲಿ ಕಂಡಿಕೆ ಸುತ್ತುತ್ತಾರೆ. ಆ ವಚನವನ್ನು ರಾಟೆಯ ಪಕ್ಕ ಕುಳಿತು ಓದಿದರೆ ಅವಳ ಕಣ್ಣು ಎಲ್ಲೆಲ್ಲಿ ಹೋಗಿತ್ತೆಂದು ಬೆರಳಿಟ್ಟು ಹೇಳಬಹುದು. ಅಂಬಿಗರ ಚೌಡಯ್ಯನಂತೂ ಕಸುಬಿನ ಸಮೇತ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡವನು. ಅವನಿಗೆ ನನ್ನ ಪೂರಣ:

ಕವಡೆಕಾಸಿಗೆ ಹುಟ್ಟು ಹಾಕಿ ಹೊಳೆ ದಾಟಿಸುತ
ಭವಕೆ ಚೌಡಯ್ಯ ತಾ ದೋಣಿಯಾದ
ಅವನ ವಚನಕೆ ಹುಟ್ಟು ಬೇರಿಲ್ಲ, ಬೇರಿರದ
ಕವಿಗೆ ಕೆಲಸವೆ ರಜೆಯು, ರಜೆಯೆ ಕೆಲಸ

ದೈಹಿಕ ಶಿಕ್ಷಕ, ಉಡುಪಿ:
ಮೂರನೆಯ ಸಾಲು ನಾಲ್ಕನೆಯದರೊಳಗೆ ಹರಿದದ್ದನ್ನು ನೋಡಿ ಎದ್ದು ನಿಂತೆ ಅಣ್ಣ.

ಪೃಚ್ಛಕ, ಮೈಸೂರು:
ಈ ವಾರ ನನ್ನ ಪೂರಣವನ್ನು ಹಾಕುವುದಿಲ್ಲ. ಬರೆದಿಟ್ಟಿದ್ದೆ, ಆದರೆ ಶಿರಸಿಯ ಮತ್ತು ಇಳಕಲ್ಲಿನ ಪದ್ಯಗಳ ಬಳಿಕ ಅದರ ಅಗತ್ಯ ಕಾಣುತ್ತಿಲ್ಲ. ಮುಂದಿನ ಸಮಸ್ಯೆಯನ್ನು ಶಿರಸಿಯ ಅಕ್ಕ ಕೊಡಲಿ.

ಪ್ರೌಢಶಾಲಾ ಶಿಕ್ಷಕಿ, ಶಿರಸಿ:
ಸಂತೋಷ. ಇದೇ ಚೌಪದಿ, ಇದೇ ಗಣಗಳು. ಪ್ರಾಸ ಪ್ಪ, ಮೊದಲಕ್ಷರ ಗುರುವಾಗುತ್ತದೆ:

ಉಪ್ಪಿಲ್ಲದಡುಗೆಗೇ ರುಚಿಯು ಹೆಚ್ಚು

ಶನಿವಾರದವರೆಗೆ ಕಾಯುತ್ತೇನೆ. ದಾವಣಗೆರೆಯ ತಂಗಿ, ಈ ಸಲ ಮೊದಲ ಪದ್ಯ ನಿನ್ನದಿರಲಿ.