ಹೂಡಿಕೆ ಪಡೆಯದ ಸಾಫ್ಟ್‌ವೇರ್ ಕಂಪನಿಗಳ ವರಮಾನ ಎಲ್ಲಿ ನೋಡಬಹುದು?

ಪ್ರಶ್ನೆ: ನಮಸ್ಕಾರ ಮೇಡಂ. ಸಣ್ಣ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿ ಮಾರುವ ಯೋಚನೆ ನನ್ನದು. ಹೊರಗಿನವರ ಹಣ ಪಡೆಯದೆ ಬೆಳೆದ ಇಂಥ ಕಂಪನಿಗಳು ವರ್ಷಕ್ಕೆ ನಿಜವಾಗಿ ಎಷ್ಟು ವ್ಯಾಪಾರ ಮಾಡುತ್ತವೆ ಎಂದು ಮೊದಲು ತಿಳಿಯಬೇಕಿದೆ. ಷೇರುಪೇಟೆಯಲ್ಲಿ ಇಲ್ಲದ ಕಂಪನಿಗಳ ಲೆಕ್ಕ ನಮ್ಮಂಥವರಿಗೆ ಸಿಗುತ್ತದೆಯೇ?

ಉತ್ತರ (ಚಾರ್ಟರ್ಡ್ ಅಕೌಂಟೆಂಟ್): ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಸಿಗುತ್ತದೆ. 2013ರ ಕಂಪನಿ ಕಾಯ್ದೆಯ 399ನೇ ಸೆಕ್ಷನ್ ಪ್ರಕಾರ, ಕಂಪನಿಗಳ ರಿಜಿಸ್ಟ್ರಾರ್‌ಗೆ ಸಲ್ಲಿಕೆಯಾದ ದಾಖಲೆಗಳನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನಲ್ಲಿ ಒಂದು ಕಂಪನಿಗೆ 100 ರೂಪಾಯಿ. ಸಾಫ್ಟ್‌ವೇರ್‌ನ ಹೆಸರು ಒಂದಿದ್ದು ಕಂಪನಿಯ ಹೆಸರು ಬೇರೆ ಇರುವುದೇ ಹೆಚ್ಚು. ಆದ್ದರಿಂದ ಅವರ ಜಿಎಸ್‌ಟಿ ಬಿಲ್ ಅಥವಾ ವೆಬ್‌ಸೈಟಿನ ಷರತ್ತುಗಳ ಪುಟದಿಂದ ನೋಂದಾಯಿತ ಹೆಸರನ್ನು ಹಿಡಿದುಕೊಂಡು ಹುಡುಕಿ. ನಿಮಗೆ ಬೇಕಾದದ್ದು ವಾರ್ಷಿಕ ಲೆಕ್ಕಪತ್ರ ಸಲ್ಲಿಸುವ ಎಒಸಿ-4 ನಮೂನೆ ಮತ್ತು ಅದಕ್ಕೆ ಲಗತ್ತಿಸಿದ ಲಾಭ-ನಷ್ಟದ ಪಟ್ಟಿ. ವಾರ್ಷಿಕ ಸಭೆಯಾದ 30 ದಿನಗಳೊಳಗೆ ಇದನ್ನು ಸಲ್ಲಿಸಬೇಕಾದ್ದರಿಂದ, ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ ಸಾಮಾನ್ಯವಾಗಿ ಅಕ್ಟೋಬರ್ ಕೊನೆಗೆ ಕಾಣಿಸಿಕೊಳ್ಳುತ್ತದೆ.

ಪಟ್ಟಿ ತೆರೆದ ಕೂಡಲೇ ಅಂಕಿ ನೋಡಬೇಡಿ, ಅದರ ಮೇಲೆ ಬಲಮೂಲೆಯಲ್ಲಿರುವ ಚಿಕ್ಕ ಸಾಲನ್ನು ನೋಡಿ. 2021ರ ಏಪ್ರಿಲ್‌ನಿಂದ ಮೊತ್ತಗಳನ್ನು ನೂರು, ಸಾವಿರ, ಲಕ್ಷ ಹೀಗೆ ಯಾವುದಾದರೊಂದು ಮಾನದಲ್ಲಿ ತೋರಿಸುವುದು ಕಡ್ಡಾಯವಾಗಿದ್ದು, ಸಣ್ಣ ಕಂಪನಿಗಳು ಹಲವು ಬಾರಿ ‘ನೂರು ರೂಪಾಯಿಗಳಲ್ಲಿ’ ಎಂದು ಬರೆದಿರುತ್ತವೆ. ಅಲ್ಲಿ 4,82,150 ಎಂದಿದ್ದರೆ ಅದು ಐದು ಲಕ್ಷದೊಳಗಿನ ವ್ಯಾಪಾರವಲ್ಲ, 4.82 ಕೋಟಿ. ಮೊದಲ ಸಾಲಿನ ‘ರೆವೆನ್ಯೂ ಫ್ರಮ್ ಆಪರೇಷನ್ಸ್’ ಮಾತ್ರ ವ್ಯಾಪಾರದ ವರಮಾನ; ಠೇವಣಿಯ ಬಡ್ಡಿ ಮುಂತಾದವು ಅದರ ಕೆಳಗೆ ‘ಇತರ ಆದಾಯ’ದಲ್ಲಿರುತ್ತವೆ, ಅವೆರಡನ್ನೂ ಕೂಡಿಸಿ ಸುದ್ದಿ ಮಾಡುವವರೂ ಇದ್ದಾರೆ.

ಇನ್ನೊಂದು ಮುಖ್ಯ ವಿಷಯ: ಗ್ರಾಹಕರಿಂದ ಹಣ ಪಡೆಯುವುದು ಅಮೆರಿಕದ ಮಾತೃಸಂಸ್ಥೆಯಾಗಿದ್ದು ಬೆಂಗಳೂರಿನ ಕಂಪನಿ ಬರೀ ಕೆಲಸ ಮಾಡಿಕೊಡುತ್ತಿದ್ದರೆ, ಇಲ್ಲಿನ ವರಮಾನವೆಂದರೆ ಖರ್ಚಿನ ಮೇಲೆ ಒಂದಿಷ್ಟು ಶೇಕಡಾ ಸೇರಿಸಿ ಮಾತೃಸಂಸ್ಥೆ ಕೊಟ್ಟ ಹಣವಷ್ಟೇ. ಟಿಪ್ಪಣಿಗಳಲ್ಲಿನ ‘ರಿಲೇಟೆಡ್ ಪಾರ್ಟಿ’ (ಸಂಬಂಧಿತ ಸಂಸ್ಥೆಗಳೊಡನೆ ನಡೆಸಿದ ವ್ಯವಹಾರ) ಭಾಗ ಓದಿದರೆ ಇದು ತಿಳಿಯುತ್ತದೆ. ಸ್ವಂತ ದುಡ್ಡಿನಲ್ಲೇ ನಡೆದಿದೆ ಎಂಬ ಮಾತನ್ನೂ ಪರೀಕ್ಷಿಸಬಹುದು: ಹೊಸ ಷೇರು ಕೊಟ್ಟಾಗಲೆಲ್ಲ ಪಿಎಎಸ್-3 ಎಂಬ ನಮೂನೆ ಸಲ್ಲಿಸಲೇಬೇಕು, ಹೊರಗಿನ ಹೂಡಿಕೆದಾರರಿಗೆ ಷೇರು ಕೊಟ್ಟಿದ್ದರೆ ಅದರಲ್ಲಿ ಕಾಣುತ್ತದೆ.

ಪ್ರಶ್ನೆ: ಧನ್ಯವಾದ ಮೇಡಂ. ಪಾಲುದಾರಿಕೆಯವು, ವಿದೇಶದವು ಹೇಗೆ?

ಉತ್ತರ: ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಆದರೆ ಅದೇ ಪೋರ್ಟಲ್‌ನಲ್ಲಿ ವಾರ್ಷಿಕ ಲೆಕ್ಕದ ಫಾರ್ಮ್ 8 ನೋಡಿ. ಒಬ್ಬರೇ ಮಾಲೀಕರಿರುವ ಅಂಗಡಿಯಂಥ ಉದ್ಯಮವಾದರೆ ಇಂಥ ಯಾವ ಸಾರ್ವಜನಿಕ ದಾಖಲೆಯೂ ಇರುವುದಿಲ್ಲ. ಅಮೆರಿಕದ ಖಾಸಗಿ ಕಂಪನಿಗಳಿಗೆ ಸಾಮಾನ್ಯವಾಗಿ ಲೆಕ್ಕ ಪ್ರಕಟಿಸುವ ಕಟ್ಟಳೆಯಿಲ್ಲ. ಸಾಮಾಜಿಕ ಜಾಲತಾಣಗಳ ಪೋಸ್ಟ್ ನಿರ್ವಹಿಸುವ ಸಾಫ್ಟ್‌ವೇರ್ ಮಾಡುವ ಬಫರ್‌ನಂತೆ ತಾವಾಗಿಯೇ ತೆರೆದಿಡುವವು ಅಪರೂಪ, ಅವು ಹೇಳುವ ತಿಂಗಳ ಚಂದಾ ಮೊತ್ತವನ್ನು ಲೆಕ್ಕಪರಿಶೋಧನೆಗೆ ಒಳಪಟ್ಟ ವರಮಾನದ ಪಕ್ಕದಲ್ಲಿಟ್ಟು ಹೋಲಿಸಬೇಡಿ. ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನಲ್ಲಿ ದಾಖಲೆಗಳು ಉಚಿತವಾದರೂ ಸಣ್ಣ ಕಂಪನಿಗಳು ಲಾಭ-ನಷ್ಟದ ಪಟ್ಟಿಯನ್ನು ಬಿಟ್ಟಿರುತ್ತವೆ. ಎಸ್ಟೋನಿಯಾದ ವ್ಯಾಪಾರ ನೋಂದಣಿ ಜಾಲತಾಣ ವಾರ್ಷಿಕ ವರದಿಗಳನ್ನು ಪುಕ್ಕಟೆಯಾಗಿ ಕೊಡುತ್ತದೆ. ಹೂಡಿಕೆ ಪಡೆಯದೆ ನಡೆಯುತ್ತಿರುವ, ವೆಬ್‌ಸೈಟ್ ಭೇಟಿಗಳ ಲೆಕ್ಕವಿಡುವ ಸಾಫ್ಟ್‌ವೇರ್ ಮಾಡುವ ಪ್ಲಾಸಿಬಲ್ ಅನಲಿಟಿಕ್ಸ್ ಅಲ್ಲಿಯೇ ನೋಂದಣಿಯಾಗಿದೆ, ಅದನ್ನು ಮೊದಲು ತೆರೆದು ನೋಡಿ.