ಕಲಬುರಗಿದಾಗ ಹಳೇ ಟ್ರಾವೆಲರ್ ಆಂಬ್ಯುಲೆನ್ಸ್ ಮಾರೋದದ, ಕ್ಯಾಂಪರ್ (ಒಳಗೇ ಮಲಗಿ ಊರೂರು ತಿರಗೋ ಗಾಡಿ) ಮಾಡಕೊಳ್ಳೋರಿಗೆ ಕೊಡಬೇಕಂತೀನಿ, ಹ್ಯಾಂಗ ಮಾಡಲಿ?

ಕಾಗಿಣಾ ದಂಡಿ, ಕಲಬುರಗಿ

ಎಲ್ಲಾರಿಗೂ ಶರಣು. ನಮ್ಮ ಬಲ್ಲಿ ಒಂದು ಫೋರ್ಸ್ ಟ್ರಾವೆಲರ್ ಆಂಬ್ಯುಲೆನ್ಸ್ ಅದ, 2018ರ ಮಾಡಲ್, ಬಿಎಸ್ 4 ಡೀಸೆಲ್, 3350 ಎಂಎಂ ವೀಲ್‌ಬೇಸ್ (ಮುಂದಿನ ಗಾಲಿಯಿಂದ ಹಿಂದಿನ ಗಾಲಿ ತನ), ಕೆಎ 32 ಪಾಸಿಂಗ್, 2 ಲಕ್ಷ 38 ಸಾವಿರ ಕಿಲೋಮೀಟರ್ ಓಡ್ಯದ. ಅಪ್ಪ ಮತ್ತ ನಾ ಇಬ್ಬರೇ ಪಾಳಿ ಮ್ಯಾಗ ಓಡಿಸಿದ್ದು, ಬ್ಯಾರೆ ಡ್ರೈವರ್ ಕೈಗಿ ಕೊಟ್ಟಿಲ್ಲ. ಇಲ್ಲಿಂದ ಸೊಲ್ಲಾಪುರ ಇಲ್ಲಾ ಹೈದರಾಬಾದಿಗಿ ಬರದು ಕೊಟ್ಟ ಪೇಷಂಟ್ ಒಯ್ಯೋದು, ಅದೇ ನಮ್ಮ ಕೆಲಸ ಇತ್ತು. 2020ರ ಮಾರ್ಚ್‌ದಾಗ ದೇಶದ ಮೊದಲ್ನೇ ಕೋವಿಡ್ ಸಾವು ನಮ್ಮ ಕಲಬುರಗಿದಾಗೇ ಆಯ್ತಲ್ಲ, ಅಲ್ಲಿಂದ ಮುಂದ ಎರಡು ವರ್ಷ ಈ ಗಾಡಿ ಇಂಜಿನ್ ಆರಿದ್ದು ನನಗಂತೂ ನೆನಪಿಲ್ಲ.

ಈಗ ಅಪ್ಪಗ ಮೊಳಕಾಲು ಬ್ಯಾನಿ, ರಾತ್ರಿ ಡ್ರೈವಿಂಗ್ ಆಗಲ್ಲ, ನಾನೂ ಬ್ಯಾರೆ ನೌಕರಿಗಿ ಹತ್ತೀನಿ, ಎಂಟು ತಿಂಗಳಿಂದ ಗಾಡಿ ಮನಿ ಮುಂದ ಬೇವಿನ ಗಿಡದ ಕೆಳಗ ನಿಂತದ, ವಾರಕ್ಕೊಮ್ಮಿ ಸ್ಟಾರ್ಟ್ ಮಾಡಿ ಸೇಡಂ ರೋಡಿನ ತನ ಒಂದು ರೌಂಡ್ ಹೊಡದು ತರ್ತೀನಿ ಅಷ್ಟೇ. ಗುಜರಿಯವ ಬಂದು ನೋಡಿ 2 ಲಕ್ಷ 40 ಸಾವಿರ ಅಂದ. ಅಪ್ಪ ಎದ್ದು ಒಳಗ ಹೋದ, ಮಾತೇ ಆಡಲಿಲ್ಲ.

ಹೋದ ತಿಂಗಳ ಚಿಂಚೋಳಿ ಕಡಿ ಚಂದ್ರಂಪಳ್ಳಿ ಡ್ಯಾಂಗ ಹೋಗಿದ್ದೆ, ಅಲ್ಲಿ ಒಬ್ರು ಗಂಡ ಹೆಂಡ್ತಿ ವ್ಯಾನಿನಾಗೇ ಮಂಚ, ಒಲಿ ಎಲ್ಲಾ ಮಾಡಕೊಂಡು ಊರೂರು ತಿರಗಲಕತ್ತಿದ್ರು. ಅವರ ಗಾಡಿ ನೋಡಿದಾಗಿಂದ ಇದೇ ತಲಿಯಾಗ ಹೊಕ್ಕದ. ನಮ್ಮ ಗಾಡಿ ಅದಕ್ಕಿಂತ ಛಲೋ ಅದ, 5 ಅಡಿ 9 ಇಂಚಿನ ನಾ ಒಳಗ ತಲಿ ಬಗ್ಗಿಸದೆ ನಿಂದರ್ತೀನಿ, ಗ್ವಾಡಿಗಿ ಫೋಮ್ ತುಂಬಿ ಫೈಬರ್ ಶೀಟ್ ಹೊಡದಾರ, ಇನ್ವರ್ಟರ್, ಎರಡನೇ ಬ್ಯಾಟರಿ, ಹಿಂದಿನ ಎಸಿ, ಟಪ್ಪಿನ ಮ್ಯಾಗ ಫ್ಯಾನ್, ಸಾಮಾನಿಡೋ ಕಪಾಟು ಎಲ್ಲಾ ಅವ. ನಾ 6 ಲಕ್ಷ ಅನಕೊಂಡೀನಿ. ಸ್ಟ್ರೆಚರ್, ಆಕ್ಸಿಜನ್ ಪೈಪು, ಸೈರನ್ ಹಂಗೇ ಇಟ್ಟು ಕೊಡಬೇಕಾ ಬಿಚ್ಚಿ ಕೊಡಬೇಕಾ? ಕಾಗದಪತ್ರದಾಗ ಏನು ನೋಡಕೋಬೇಕು? ಗೊತ್ತಿದ್ದೋರು ಹೇಳ್ರಿ.

ಮಾಂಜರಾ ಗ್ಯಾರೇಜ್, ಬೀದರ್

ತಮ್ಮಾ, ಇಂಜಿನ್ ಬಗ್ಗೆ ಚಿಂತಿ ಬ್ಯಾಡ, ಅದರ ಮೂಲ ಹಳೇ ಮರ್ಸಿಡಿಸ್ ಡಿಸೈನ್, ಟೆಂಪೋ ಟ್ರ್ಯಾಕ್ಸ್ ಕಾಲದಿಂದ ನಮ್ಮೋರ ಕೈ ಅದರ ಮ್ಯಾಗ ಪಳಗ್ಯದ, ಯಾವ ಹೈವೇ ದಾಬಾ ಬಾಜೂಕ ನಿಂತ್ರೂ ರಿಪೇರಿ ಮಾಡೋವ ಸಿಗ್ತಾನ. ದೂರ ತಿರಗೋರಿಗೆ ಇದಕ್ಕಿಂತ ದೊಡ್ಡ ಮಾತು ಇನ್ನೇನದ.

ನೋಡಬೇಕಾದ್ದು ಫ್ಲೋರ್. ಆಂಬ್ಯುಲೆನ್ಸ್ ಅಂದ ಮ್ಯಾಗ ದಿನಾ ಹೈಪೋ, ಅಂದ್ರ ರೋಗಾಣು ಸಾಯಿಸೋ ಹೈಪೋಕ್ಲೋರೈಟ್ ಹಾಕಿ ತೊಳೆದಿರ್ತೀರಿ, ಕೋವಿಡ್‌ದಾಗಂತೂ ಟ್ರಿಪ್ಪಿಗೊಮ್ಮಿ ತೊಳೆದಿರ್ತೀರಿ, ಆ ಹೈಪೋಕ್ಲೋರೈಟ್ ನೀರು ವಿನೈಲ್ ಶೀಟಿನ ಅಂಚಿನಾಗಿಂದ ಕೆಳಗ ಇಳಿದು ತಗಡು ತಿಂತದ, ಮ್ಯಾಗಿಂದ ನೋಡಿದ್ರ ಶೀಟು ಪಳಪಳ ಹೊಳಿತಿರ್ತದ, ಒಳಗ ಹೆಬ್ಬಟ್ಟು ಒತ್ತಿದ್ರ ಹಪ್ಪಳ ಮುರಿದಂಗ ಮುರಿತದ. ಹೋದ ವರ್ಷ ನನ್ನ ಬಲ್ಲಿ ಬಂದ ಇಂಥದೇ ಒಂದು ಗಾಡಿ, ಸ್ಟ್ರೆಚರ್ ಹಳಿ ಬೋಲ್ಟ್ ಬಿಚ್ಚೋದ್ರೊಳಗ ಬೋಲ್ಟ್ ಸಂಗಟ ತಗಡೂ ಕೈಗಿ ಬಂತು. ನೀ ಮಾರೋಕಿಂತ ಮೊದಲ ಹಿಂದಿನ ಡೋರ್ ಬಾಜೂಕ ಶೀಟು ಒಂದು ಗೇಣು ಎತ್ತಿ ನೋಡು, ಇದ್ದದ್ದು ಫೋಟೋ ತೆಗದು ಗಿರಾಕಿಗಿ ತೋರಸು. ಅವನು ಮ್ಯಾಗ ಪ್ಲೈವುಡ್ ಹೊಡದು ಮಂಚ ಕಟ್ಟಿದ ಮ್ಯಾಗ ಗೊತ್ತಾದ್ರ ಎಲ್ಲಾ ಕಿತ್ತಬೇಕಾಗ್ತದ ಪಾಪ.

ಮತ್ತ ಅಡ್ವೆಂಚರ್ ಅಂತ ಬರೆಯೋ ಮುಂದ ಒಂದು ಮಾತು ಖರೇ ಹೇಳಿಬಿಡು, ಇದು ಫೋರ್ ಬೈ ಫೋರ್ ಅಲ್ಲ, ಹಿಂದಿನ ಗಾಲಿ ಅಷ್ಟೇ ಎಳಿತದ. ಘಾಟ್ ರೋಡ್, ಕಚ್ಚಾ ರೋಡ್, ಖಡಿ ಹಾಕಿದ ದಾರಿ ಎಲ್ಲಾ ನಡಿತದ, ಆದ್ರ ಮಳಿ ಬಿದ್ದ ನಮ್ಮ ಎರಿ ಹೊಲದಾಗ ಇಳಿಸಿದ್ರ ಟ್ರ್ಯಾಕ್ಟರ್ ತರಸಬೇಕು. ಟೈರು, ಹಿಂದಿನ ಪಾಟಾ, ಕ್ಲಚ್ ಪ್ಲೇಟು ಯಾವಾಗ ಹಾಕಿದ್ದು ಅಂತ ಬಿಲ್ ಇದ್ರ ಜೋಡಿಸಿ ಇಡು.

ತೊಗರಿ ಕಣಜ, ಆಳಂದ

ನಾ ಕಾಗದದ ಬಗ್ಗೆ ಹೇಳ್ತೀನಿ ಯಾಕಂದ್ರ ನನಗ ಪೆಟ್ಟು ಬಿದ್ದದ. ನಮ್ಮ ಕಾಕಾನ ಹಳೇ ಓಮ್ನಿ ಆಂಬ್ಯುಲೆನ್ಸ್ ಒಬ್ಬ ಏಜೆಂಟನ ಕೈಗಿ ಕೊಟ್ಟಿದ್ವಿ, ಮಾಲಕರ ಹೆಸರು ಬದಲಿಸೋ ಫಾರಂ 29, 30 ಮ್ಯಾಗ ಸಹಿ ಮಾಡಿ ರೊಕ್ಕ ಎಣಿಸಿಕೊಂಡು ಮನಿಗಿ ಬಂದ್ವಿ, ಹೆಸರು ಬದಲಿ ಆಯ್ತೋ ಇಲ್ಲೋ ನೋಡಲೇ ಇಲ್ಲ. ಎರಡು ವರ್ಷ ಆದ ಮ್ಯಾಗ ಕಾಕಾನ ಹೆಸರಿಗಿ ಆಕ್ಸಿಡೆಂಟ್ ಕೇಸಿನ ನೋಟಿಸ್ ಬಂತು, ಮುದುಕ ಮನುಷ್ಯ ಕೋರ್ಟಿನ ಕಟ್ಟಿಗಿ ಕೂತು ಅತ್ತ. 2018ರಾಗ ಸುಪ್ರೀಂ ಕೋರ್ಟೂ ಹೇಳ್ಯದ, ಆರ್‌ಸಿದಾಗ ಯಾರ ಹೆಸರದ ಅವರೇ ಕಾನೂನಿನಾಗ ಮಾಲಕ, ಗಾಡಿ ಯಾರ ಬಲ್ಲೇ ಇರಲಿ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 50ರ ಪ್ರಕಾರ ರಾಜ್ಯದೊಳಗ ಮಾರಿದ್ರ 14 ದಿನದಾಗ ಆರ್‌ಟಿಒಗ ತಿಳಸಬೇಕು, ಗಿರಾಕಿ ಮಹಾರಾಷ್ಟ್ರದವ ತೆಲಂಗಾಣದವ ಆದ್ರ ಫಾರಂ 28ರ ಎನ್‌ಒಸಿನೂ (ತಕರಾರಿಲ್ಲ ಅಂತ ಆರ್‌ಟಿಒ ಕೊಡೋ ಪತ್ರ) ಬೇಕು, ನಮ್ಮ ಗಡಿ ಜಿಲ್ಲಾದಾಗ ಇದು ಭಾಳ ಬರ್ತದ. ಸಾಲ ತೀರಿದ್ರ ಫಾರಂ 35 ಕೊಟ್ಟು ಬ್ಯಾಂಕಿನ ಹೆಸರು ಆರ್‌ಸಿದಾಗಿಂದ ತೆಗಸ್ರಿ, ಇದು ಮೊದಲ್ನೇ ಕೆಲಸ.

ಇನ್ನ ಆಂಬ್ಯುಲೆನ್ಸಿಗಿ ಪರ್ಮಿಟ್ ಮಾಫಿ ಅದ, ಆದ್ರ ಬರೇ ಆಂಬ್ಯುಲೆನ್ಸ್ ಅಂತ ಓಡಿಸಿದ್ರ ಮಾತ್ರ. ಗಿರಾಕಿ ಅದರಾಗ ಮಂಚ ಹಾಕಿ ಗೋಕರ್ಣಕ್ಕ ಹೋದ ಅಂದ್ರ ಆರ್‌ಸಿದಾಗ ಬರ್ದಿದ್ದು ಒಂದು, ಗಾಡಿ ಇನ್ನೊಂದು ಆಗ್ತದ, ಏನಾರ ಆದ್ರ ಇನ್ಶೂರೆನ್ಸಿನವರು ಮೊದಲ ಅದನ್ನೇ ಹಿಡಿತಾರ. ಸೆಕ್ಷನ್ 52ರ ಪ್ರಕಾರ ಆರ್‌ಸಿದಾಗಿನ ವಿವರ ಬದಲಾಗೋ ಹಂಗ ಗಾಡಿ ಬದಲಿ ಮಾಡಂಗಿಲ್ಲ, ಮೊದಲ ಒಪ್ಪಿಗಿ ತಗೋಬೇಕು. ಮೋಟಾರ್ ಕ್ಯಾರವಾನ್ ಅಂತ ಬ್ಯಾರೇನೇ ವರ್ಗ ಅದ, ಅದಕ್ಕ ಎಐಎಸ್ 124 ಅಂತ ಸ್ಟ್ಯಾಂಡರ್ಡ್ ಅದ, ಗಿರಾಕಿ ಅದರ ಪ್ರಕಾರ ಕೆಲಸ ಮಾಡಸ್ತಾನೋ ಇಲ್ಲೋ ಅಂತ ಅವನನ್ನೇ ಕೇಳ್ರಿ, ಅಗ್ರಿಮೆಂಟಿನಾಗ ಬರೆಸ್ರಿ.

ಸೈರನ್ ಮತ್ತ ಟಪ್ಪಿನ ಲೈಟು ನೀವೇ ಬಿಚ್ಚಿ ಇಟ್ಕೋರಿ, ಕೊಡಲೇಬ್ಯಾಡ್ರಿ. ಆ ಹಾರ್ನ್ ಆಂಬ್ಯುಲೆನ್ಸ್, ಅಗ್ನಿಶಾಮಕ, ಪೊಲೀಸ್ ಗಾಡಿಗಿ ಬಿಟ್ರ ಸುಮ್ನ ಯಾರೂ ಹಾಕೋ ಹಂಗಿಲ್ಲ. ಕೇಳಿದ ಮಂದಿ ದಾರಿ ಬಿಡ್ತಾರ, ಆ ನಂಬಿಕಿ ಕೆಡಬಾರದು. ಬಾನೆಟ್ ಮ್ಯಾಗಿನ ಉಲ್ಟಾ ಅಕ್ಷರ, ಬಾಜೂಕಿನ ಕೆಂಪು ಪಟ್ಟಿನೂ ತೆಗಸ್ರಿ.

ಭೀಮಾತೀರದ ಸಿಸ್ಟರ್, ಯಾದಗಿರಿ

ಅಣ್ಣಾರ, ನಾ ಹನ್ನೊಂದು ವರ್ಷ ಎಮರ್ಜೆನ್ಸಿದಾಗ ಕೆಲಸ ಮಾಡೀನಿ, ಆಕ್ಸಿಜನ್ ವಿಷಯ ಒಂದು ಹೇಳಲೇಬೇಕು. ಸಿಲಿಂಡರ್ ಬಾಡಗಿದ್ದಿದ್ರ ಏಜೆನ್ಸಿಗಿ ವಾಪಸ್ ಕೊಟ್ಟು ರಸೀದಿ ತಗೋರಿ, ಗಾಡಿ ಸಂಗಟ ಕೊಡಬ್ಯಾಡ್ರಿ. ಪೈಪು, ರೆಗ್ಯುಲೇಟರು, ಗ್ವಾಡಿ ಮ್ಯಾಗಿನ ಔಟ್‌ಲೆಟ್ ಪೂರ್ತಿ ಬಿಚ್ಚಸ್ರಿ. ತಾಮ್ರದ ಪೈಪು ರೆಡಿ ಅದ, ಒಲಿ ಗ್ಯಾಸ್ ಇದರಾಗೇ ಬಿಟ್ರ ಆಯ್ತಲ್ಲ ಅಂತ ಕೆಲವ್ರು ಅಂತಾರ, ದಯವಿಟ್ಟು ಆ ಕೆಲಸ ಮಾಡಾಕ ಬಿಡಬ್ಯಾಡ್ರಿ. ಬಿಚ್ಚೋ ಮುಂದ ಸಿಲಿಂಡರ್ ವಾಲ್ವ್ ಬಂದ್ ಮಾಡಿ, ಪೈಪಿನಾಗಿನ ಗಾಳಿ ಖಾಲಿ ಮಾಡಿ, ಗ್ರೀಸ್ ಹತ್ತಿದ ಕೈ, ಎಣ್ಣಿ ಪಾನಾ ಹಚ್ಚಬ್ಯಾಡ್ರಿ, ಒತ್ತಡದ ಆಕ್ಸಿಜನ್‌ಗ ಎಣ್ಣಿ ತಾಗಿದ್ರ ಕಿಡಿ ಇಲ್ಲದೇ ಬೆಂಕಿ ಹತ್ತೋ ಚಾನ್ಸ್ ಅದ.

ಸ್ಟ್ರೆಚರ್, ಸಕ್ಷನ್ ಮಷೀನ್ ಛಲೋ ಇದ್ರ ಯಾವುದಾರ ತಾಲೂಕಿನಾಗ ಆಂಬ್ಯುಲೆನ್ಸ್ ನಡಸೋರಿಗೆ ಕೊಡ್ರಿ, ಮಲಗೋ ಗಾಡಿಯಾಗ ಅದಕ್ಕೇನು ಕೆಲಸ ಇಲ್ಲ, ಅಲ್ಲಿ ಇದ್ರ ಒಂದು ಜೀವಕ್ಕ ಬರ್ತದ. ಕಪಾಟಿನ ಮೂಲಿ, ಸೀಟಿನ ಸಂದಿ ಟಾರ್ಚ್ ಹಿಡದು ನೋಡ್ರಿ, ಸೂಜಿ, ಒಡದ ಆಂಪೂಲ್ ಚೂರು ಸಿಗ್ತಾವ, ಬರಿಗೈ ಹಾಕಬ್ಯಾಡ್ರಿ, ಸಿಕ್ಕಿದ್ದು ದಪ್ಪ ಡಬ್ಬಿಯಾಗ ಹಾಕಿ ಆಸ್ಪತ್ರಿಗಿ ಕೊಡ್ರಿ. ನಾಳಿಗಿ ಆ ಗಾಡಿಯಾಗ ಸಣ್ಣ ಹುಡುಗ್ರು ಬರಿಗಾಲಾಗ ಆಡ್ತಾವ.

ಇದರಾಗ ಮಂದಿ ಸತ್ತಿರಬಹುದು ಅಂತ ತಗೊಳ್ಳೋರು ಹಿಂದ ಸರಿದ್ರ ಬ್ಯಾಸರ ಮಾಡಕೋಬ್ಯಾಡ್ರಿ. ಅದರಾಗ ಕೂತು ಬದುಕಿ ಮನಿಗಿ ಹೋದೋರು ಎಷ್ಟು ಜನ ಅಂತನೂ ನೀವು ಹೇಳ್ರಿ.

ಹೊನ್ನಿಕೇರಿ ದಾರಿ, ಬೀದರ್

ಅಣ್ಣಾ ನಾ ಖರೇನೇ ತಗೊಳ್ಳೋ ವಿಚಾರದಾಗ ಅದೀನಿ, ಹೆಂಡ್ತಿ, ನಾಲ್ಕು ವರ್ಷದ ಮಗಳು, ನಾ, ಮೂರೇ ಮಂದಿ. ಮೊದಲ ಬಸವಕಲ್ಯಾಣ, ಮಳಖೇಡ, ಸನ್ನತಿ, ಆಮ್ಯಾಲ ಶಹಾಪುರ, ಸುರಪುರ, ನಾರಾಯಣಪುರ ಡ್ಯಾಂ ಹಿಂಗ ನಮ್ಮ ಕಡಿದೇ ಎಲ್ಲಾ ನೋಡಿ ಮುಗಿಸಿ ಹಿಮಾಲಯ ಕಡಿ ಹೋಗಬೇಕಂತ. ಪಾರ್ಟಿಷನ್‌ದಿಂದ ಹಿಂದಿನ ಡೋರ್ ತನ ಉದ್ದ ಎಷ್ಟದ, ಅಡ್ಡ ಎಷ್ಟದ? ಅಡ್ಡ ಮಲಗಲಾಕ ಬರ್ತದೇನು? ಎರಡನೇ ಬ್ಯಾಟರಿ ಮ್ಯಾಗ ರಾತ್ರಿ ಎಸಿ ನಡಿತದಾ? ಏಪ್ರಿಲ್ ಮೇದಾಗ ನಮ್ಮ ಕಡಿ ಬಿಸಲು 42, 43 ದಾಟ್ತದ, ಸಣ್ಣ ಕೂಸು, ಅದಕ್ಕೇ ಕೇಳ್ಲಕತ್ತೀನಿ.

ಕಾಗಿಣಾ ದಂಡಿ, ಕಲಬುರಗಿ

ಎಲ್ಲಾರೂ ಇಷ್ಟು ಮನಸಿಟ್ಟು ಬರ್ದೀರಿ, ಅಪ್ಪಗ ಓದಿ ಹೇಳಿದೆ, ಸಿಸ್ಟರ್ ಅಕ್ಕಾರ ಕೊನೀ ಮಾತು ಎರಡು ಸಲ ಓದಿಸಿದ.

ಗ್ಯಾರೇಜ್ ಅಣ್ಣಾರ ಹೇಳಿದ್ದು ಖರೇ ಆಯ್ತು. ಮುಂಜಾನಿ ಹಿಂದಿನ ಡೋರ್ ಬಾಜೂಕ ಶೀಟು ಎತ್ತಿದೆ, ಎಡಗಡಿ ಮೂಲಿಗಿ ಅಂಗೈ ಅಗಲ ತುಕ್ಕು, ಎರಡು ಕಡಿ ಪೂರ್ತಿ ತೂತು, ಕೆಳಗಿನ ನೆಲ ಕಾಣ್ತದ. ಸ್ಟ್ರೆಚರ್ ಹಳಿ ಕೆಳಗ ಮಾತ್ರ ಗಟ್ಟಿ ಅದ, ಅಲ್ಲಿ ದಪ್ಪ ಪಟ್ಟಿ ಕೊಟ್ಟಾರ. ಫೋಟೋ ತೆಗದೀನಿ. ವೆಲ್ಡಿಂಗ್ ಮಾಡಿಸಿ ಮುಚ್ಚೋದಿಲ್ಲ, ಇದ್ದಂಗೇ ತೋರಸ್ತೀನಿ, ತಗೊಳ್ಳೋರು ತಮ್ಮ ಮಿಸ್ತ್ರಿ ಕಡಿಂದ ಮಾಡಿಸಿಕೊಳ್ಳಲಿ, ಅದಕ್ಕ 40 ಸಾವಿರ ಇಳಿಸ್ತೀನಿ.

ಹೊನ್ನಿಕೇರಿ ಅಣ್ಣಾ, ಟೇಪ್ ಹಿಡದು ಅಳದೀನಿ, ಉದ್ದ ಹತ್ತು ಅಡಿಗಿ ಎರಡು ಇಂಚು ಕಡಿಮಿ, ಅಡ್ಡ ಗ್ವಾಡಿಯಿಂದ ಗ್ವಾಡಿಗಿ ಐದೂವರಿ ಅಡಿ. ನಿಮ್ಮ ಮಗಳು ಅಡ್ಡ ಮಲಗ್ತಾಳ, ನೀವು ಉದ್ದಕ್ಕೇ ಮಲಗಬೇಕು. ಎಸಿ ಇಂಜಿನ್ ಚಾಲೂ ಇದ್ರಷ್ಟೇ, ಬ್ಯಾಟರಿ ಮ್ಯಾಗ ಆಗಲ್ಲ. ಬ್ಯಾಟರಿ 12 ವೋಲ್ಟ್ 150 ಆಂಪಿಯರ್ ಅವರ್‌ದು, ಅಂದ್ರ 1800 ವ್ಯಾಟ್ ಅವರ್, ಲೆಡ್ ಆಸಿಡ್ ಇದ್ದದ್ರಿಂದ ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು, ಕೈಗಿ 900 ಸಿಗ್ತದ. ಫ್ಯಾನು, ಲೈಟು, ಸಣ್ಣ ಫ್ರಿಜ್ ಕೂಡಿ ನೂರು ವ್ಯಾಟ್ ಹಿಡಿದ್ರ ಒಂಬತ್ತು ತಾಸು, ರಾತ್ರಿ ದಾಟ್ತದ. ಟಪ್ಪಿನ ಲೈಟು ತೆಗದ ಜಾಗದಾಗ ಸೋಲಾರ್ ಕೂಡಸಬಹುದು. ಆದ್ರ ಮೇ ತಿಂಗಳಾಗ ಕೂಸಿನ ಕಟಗೊಂಡು ನಮ್ಮ ಕಡಿ ಬಯಲಾಗ ಹಾಕಬ್ಯಾಡ್ರಿ, ಫೋಮ್ ಎಷ್ಟೇ ಇದ್ರೂ ಸಂಜಿತನ ಕಾದ ತಗಡು ನಡುರಾತ್ರಿತನ ಬಿಸಿ ಇರ್ತದ, ನಾ ಒಳಗ ಮಲಗಿದಾವ ಅದೀನಿ. ದೀಪಾವಳಿ ಆದ ಮ್ಯಾಗ ಹೋಗ್ರಿ.

ಸ್ಟ್ರೆಚರ್, ಸಕ್ಷನ್ ಮಷೀನ್ ಅಫಜಲಪುರದ ಒಬ್ಬ ಆಂಬ್ಯುಲೆನ್ಸ್ ಗೆಳೆಯಗ ಕೊಡೋದು ಪಕ್ಕಾ. ಸೈರನ್, ಲೈಟು ಈ ವಾರ ಇಳಿಸ್ತೀನಿ. ಅಕ್ಷರದ ಸ್ಟಿಕ್ಕರ್ ಇವತ್ತೇ ಬಿಸಿ ಗಾಳಿ ಹಿಡದು ಕಿತ್ತಿದೆ, ಸ್ಟಿಕ್ಕರ್ ಹೋಯ್ತು, ಆದ್ರ ಎಂಟು ವರ್ಷದ ಬಿಸಲಿಗಿ ಸುತ್ತಲಿನ ಬಣ್ಣ ಹಳದಿ ಆಗಿ ಅಕ್ಷರದ ಜಾಗ ಬೆಳ್ಳಗ ಉಳದದ, ಉಲ್ಟಾ ಹಂಗೇ ಓದಲಾಕ ಬರ್ತದ, ಬಾನೆಟ್ಟಿಗಿ ಬಣ್ಣ ಹೊಡಸಬೇಕಾಗ್ತದ. ಸಲೈನ್ ಹಾಕೋ ಕೊಕ್ಕಿ ಮಾತ್ರ ಬಿಚ್ಚಬ್ಯಾಡ ಅಂತ ಅಪ್ಪ, ತಗೊಂಡೋರು ಲಾಟೀನ್ ಹಾಕ್ಲಿ ಅಂತಾನ.

ಸೋಮವಾರ ಬ್ಯಾಂಕಿಗಿ ಹೋಗಿ ಫಾರಂ 35 ತರ್ತೀನಿ, ಮಂಗಳವಾರ ಆರ್‌ಟಿಒ. ಎಫ್‌ಸಿ (ಗಾಡಿ ಓಡಲಾಕ ಫಿಟ್ ಅದ ಅನ್ನೋ ಸರ್ಟಿಫಿಕೇಟ್) ಇನ್ನ ಮೂರು ತಿಂಗಳ ಅದ, ಎಂಟು ವರ್ಷ ದಾಟಿದ ಮ್ಯಾಗ ಅದು ವರ್ಷಕ್ಕೊಮ್ಮಿ ಮಾಡಸಬೇಕು, ಅದೂ ಲೆಕ್ಕದಾಗ ಇಟ್ಕೋರಿ. ನೋಡಾಕ ಬರೋದಾದ್ರ ಮುಂದಿನ ಐತವಾರ ಮುಂಜಾನಿ ಬರ್ರಿ ಅಣ್ಣಾ, ಅಕ್ಕಾರಿಗೂ ಮಗಳಿಗೂ ಕರಕೊಂಡೇ ಬರ್ರಿ, ನಮ್ಮ ಮನಿಯಾಗೇ ರೊಟ್ಟಿ ಊಟ, ಜೇವರ್ಗಿ ರೋಡಿನ ತನ ನೀವೇ ಓಡಿಸಿ ನೋಡ್ರಿ. ಗ್ಯಾರೇಜ್ ಅಣ್ಣಾರ, ನೀವೂ ಅವರ ಸಂಗಟ ಬಂದ್ರ ಫ್ಲೋರ್ ನಿಮಗೇ ತೋರಸ್ತೀನಿ.