[ಪದಚರ್ಚೆ] ಕೀಲುನೋವಿಗೆ ಕೈಯಿಂದ ಮಾಡುವ ಚಿಕಿತ್ಸೆಗೆ ಏನನ್ನೋಣ? ಸಂಜೆಯೊಳಗೆ ಬೇಕು

ದಾವಣಗೆರೆಯಿಂದ, ಬೆಳಗ್ಗೆ 9.40

ನಮಸ್ಕಾರ. ಅಕ್ಕನ ಮಗಳು ವಿದ್ಯಾನಗರದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ತೆರೆಯುತ್ತಿದ್ದಾಳೆ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಬರೆಯುವವರು ಸಂಜೆ 6ಕ್ಕೆ ಬರುತ್ತಾರೆ. ನಾನು ‘ಮ್ಯಾನುಯಲ್ ಥೆರಪಿ’ ಅನ್ನುವಲ್ಲಿ ಸಿಕ್ಕಿಕೊಂಡಿದ್ದೇನೆ.

ಅವಳು ಮಾಡುವುದು ಮೂರು ಬಗೆ. ಸ್ನಾಯುವನ್ನು ಒತ್ತಿ ಉಜ್ಜುವುದು ಒಂದು. ಕೀಲನ್ನು ಹಿಡಿದು ನಿಧಾನವಾಗಿ, ಒಂದೇ ಲಯದಲ್ಲಿ ಹಿಂದೆ ಮುಂದೆ ಸರಿಸುವುದು ಇನ್ನೊಂದು, ಅದಕ್ಕೆ ಮೊಬಿಲೈಸೇಶನ್ ಅನ್ನುತ್ತಾರೆ. ಮೂರನೆಯದು ಮ್ಯಾನಿಪ್ಯುಲೇಶನ್: ಗಕ್ಕನೆ ಒಂದು ಸಣ್ಣ ತಳ್ಳು. ‘ಟಕ್’ ಅಂತ ಸದ್ದು ಬರುವುದು ಹೆಚ್ಚಾಗಿ ಇದರಲ್ಲಿ. ಎರಡನೆಯದನ್ನು ರೋಗಿ ಸಾಕು ಅಂದ ಕೂಡಲೇ ನಿಲ್ಲಿಸಬಹುದು. ಮೂರನೆಯದು ನಿಲ್ಲಿಸುವಷ್ಟರಲ್ಲಿ ಆಗಿಹೋಗಿರುತ್ತದೆ. ಆದ್ದರಿಂದ ಕರಪತ್ರದಲ್ಲಿ ಇವೆರಡಕ್ಕೂ ಒಂದೇ ಪದ ಇಡಬೇಡಿ ಚಿಕ್ಕಮ್ಮ ಅಂತ ಹೇಳಿದ್ದಾಳೆ.

ಬೋರ್ಡಿಗೆ ‘ಕೈಚಿಕಿತ್ಸೆ’ ಅಂದುಕೊಂಡಿದ್ದೆ. ಅಮ್ಮನಿಗೆ ಓದಿ ಹೇಳಿದರೆ, “ಕೈಗೆ ಮಾತ್ರನಾ? ನನ್ನ ಮಂಡಿ ನೋಡಲ್ವಾ?” ಅಂದರು. ಕಣ್ಣಿನ ಚಿಕಿತ್ಸೆ, ಹಲ್ಲಿನ ಚಿಕಿತ್ಸೆ ಅನ್ನುವ ಬೋರ್ಡುಗಳ ನಡುವೆ ಇದನ್ನು ಎಲ್ಲರೂ ಹಾಗೇ ಓದುತ್ತಾರೆ. ದಯವಿಟ್ಟು ಬೇಗ ಹೇಳಿ.

ಚಿತ್ರದುರ್ಗದಿಂದ, 10.15

ಅಂಗಮರ್ದನ. ಹೊಸದು ಹುಡುಕುವ ಅಗತ್ಯವೇ ಇಲ್ಲ. ಅರಸರ ಮಜ್ಜನದ ವರ್ಣನೆಗಳಲ್ಲಿ ಇರುವ ಪದ. ಅಷ್ಟೇ ಅಲ್ಲ, ಹಳಗನ್ನಡದ ‘ಮರ್ದು’ ಈ ಮರ್ದನಕ್ಕೆ ಸೇರಿದ್ದು ಎಂದು ನಾನು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದೇನೆ. ಬೇರು ನಾರನ್ನು ಅರೆದು, ಮರ್ದಿಸಿ ಕೊಡುವುದೇ ಮರ್ದು.

ಹರಿಹರದಿಂದ, 10.32

ತಪ್ಪು. ಮರ್ದು ಮದ್ದಾಗಿದ್ದು ಇರ್ದು ಇದ್ದಾದ ಹಾಗೆ, ಎರ್ದೆ ಎದೆಯಾದ ಹಾಗೆ. ತಮಿಳಿನ ‘ಮರುಂದು’ ಪಕ್ಕದಲ್ಲೇ ಇದೆ. ಸಂಸ್ಕೃತದ ಧಾತುವಿಗೂ ಇದಕ್ಕೂ ಸಂಬಂಧವಿಲ್ಲ. ಮರ್ದನದಲ್ಲಿ ಉಜ್ಜುವುದೂ ಇದೆ, ಅರೆದು ನುಗ್ಗುಮಾಡುವುದೂ ಇದೆ. ಮಹಿಷಮರ್ದಿನಿ ಕೋಣನ ಮೈ ನೀವಲಿಲ್ಲ. ನೋವಿನಿಂದ ಬರುವವರ ಕಣ್ಣಿಗೆ ಆ ಪದ ಬೇಡ.

ಕೈಮದ್ದು ಅನ್ನಿ. ಕೈಯೂ ಕನ್ನಡ, ಮದ್ದೂ ಕನ್ನಡ.

ದಾವಣಗೆರೆಯಿಂದ, 10.50

ಸರ್, ಕೈಮದ್ದು ಖಂಡಿತ ಆಗದು. ‘ಮದ್ದು ಹಾಕಿದ್ದಾರೆ’ ಅಂದರೆ ನಮ್ಮ ಕಡೆ ಏನರ್ಥ ಅಂತ ನಿಮಗೂ ಗೊತ್ತು. ಇಡುಮದ್ದು, ಕೈವಿಷದ ನೆನಪು ತರುವ ಪದವನ್ನು ಕ್ಲಿನಿಕ್ ಬಾಗಿಲ ಮೇಲೆ ಹೇಗೆ ಬರೆಸಲಿ?

ಚಿತ್ರದುರ್ಗದಿಂದ, 10.58

ನಮ್ಮ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳಿವೆ. ಇಲ್ಲಿಯ ಮಕ್ಕಳಿಗೆ ಮದ್ದು ಅಂದರೆ ಮೊದಲು ಸಿಡಿಮದ್ದು. ಕೈಮದ್ದು ಕೈಬಿಡಿ.

ದಾವಣಗೆರೆಯ ಇನ್ನೊಬ್ಬ ಓದುಗರಿಂದ, 11.40

ಇಷ್ಟು ಹೊತ್ತು ಯಾರೂ ಗರಡಿ ಮನೆ ಕಡೆ ನೋಡಲಿಲ್ಲ. ನಾನು ಹುಡುಗನಾಗಿದ್ದಾಗ ದುಗ್ಗಮ್ಮನ ಜಾತ್ರೆ ಕುಸ್ತಿಗೆ ತಾಲೀಮು ಮಾಡಿದವನು. ಎಣ್ಣೆ ಹಚ್ಚಿ ಮೈ ನೀವೋದು, ಉಳುಕು ತೆಗೆಯೋದು, ಬಿಸಿನೀರಿನ ಕಾವು ಕೊಡೋದು, ಎಲ್ಲಕ್ಕೂ ಅಲ್ಲಿ ಪದ ಇತ್ತು. ಸೊಂಟ ‘ಹಿಡಿದಿದೆ’, ಕುತ್ತಿಗೆ ‘ಹಿಡಕೊಂಡಿದೆ’ ಅಂತೀವಿ. ಹಿಡಿದಿದ್ದನ್ನ ಏನು ಮಾಡಬೇಕು? ಬಿಡಿಸಬೇಕು. ನಿಮ್ಮ ಎರಡನೇ ಬಗೆಗೆ ‘ಕೀಲು ಬಿಡಿಸೋದು’ ಅಂತ ಇಡ್ರಿ. ಬೋರ್ಡಿಗೆ ‘ನೀವುವಿಕೆ, ಉಳುಕು ತೆಗೆಯುವಿಕೆ’. ನಾಲ್ಕು ತಲೆಮಾರಿಂದ ನಾಲಗೆ ಮೇಲಿರೋ ಮಾತು.

ಹರಿಹರದಿಂದ, 11.52

ಉಜ್ಜು ಅನ್ನುವ ಅರ್ಥದ ‘ನೀವು’ ಅಚ್ಚಗನ್ನಡ, ಒಪ್ಪಿದೆ. ತಮಿಳಿನಲ್ಲೂ ಅದೇ ರೂಪ, ಅದೇ ಅರ್ಥ. ಮಾಲೀಸು ಪಾರಸಿಯಿಂದ ಬಂದದ್ದು, ಮಸಾಜು ಪರಂಗಿಯವರದು. ಎರಡೂ ಬೇಡ.

ದಾವಣಗೆರೆಯಿಂದ, ಮಧ್ಯಾಹ್ನ 12.30

ಗರಡಿಯ ಮಾತು ಓದಿ ನಿಜಕ್ಕೂ ಸಂತೋಷವಾಯಿತು. ಅಣ್ಣ, ಆದರೆ ಮೂರು ತೊಡಕಿವೆ.

ಬೋರ್ಡಿನಲ್ಲಿ ‘ನೀವುವಿಕೆ’ ಬರೆದರೆ ಕಣ್ಣು ಮೊದಲು ‘ನೀವು’ ಅನ್ನುವ ಸರ್ವನಾಮದ ಮೇಲೆ ನಿಲ್ಲುತ್ತದೆ. ‘ಕೀಲು ಬಿಟ್ಟಿದೆ’ ಅಂದರೆ ಕೀಲು ತಪ್ಪಿದೆ ಅಂತಲ್ಲವೇ? ಹಾಗಿದ್ದ ಮೇಲೆ ‘ಕೀಲು ಬಿಡಿಸುತ್ತೇವೆ’ ಅಂದರೆ ತಪ್ಪಿಸುತ್ತೇವೆ ಅಂತಾಗುತ್ತದೆ. ಬಿಡಿಸಬೇಕಾದದ್ದು ಹಿಡಿತವನ್ನು, ಕೀಲನ್ನಲ್ಲ.

‘ಉಳುಕು ತೆಗೆಯುವುದು’ ನಮ್ಮ ಮನೆಯಲ್ಲಿ ಭಾರವಾದ ಮಾತು. ಚಿಕ್ಕಪ್ಪ ಜಾರಿ ಬಿದ್ದು ಮಣಿಕಟ್ಟು ಊದಿಕೊಂಡಾಗ ಉಳುಕಿದೆ ಅಂತ ಒಬ್ಬರ ಹತ್ತಿರ ಎಳೆಸಿದರು. ನಾಲ್ಕು ದಿನ ಕಳೆದು ಎಕ್ಸ್‌ರೇ ತೆಗೆಸಿದರೆ ಮೂಳೆ ಮುರಿದಿತ್ತು. ಇವತ್ತಿಗೂ ಅವರ ಬಲಗೈ ಪೂರ್ತಿ ತಿರುಗುವುದಿಲ್ಲ. ಅದನ್ನು ನೋಡಿಯೇ ನಮ್ಮ ಹುಡುಗಿ ಈ ಓದಿಗೆ ಹೋದದ್ದು. ಮೂಳೆ ಮುರಿದಿದ್ದರೆ, ಸವೆದು ಟೊಳ್ಳಾಗಿದ್ದರೆ, ಕೀಲಿನಲ್ಲಿ ಸೋಂಕಿದ್ದರೆ ಆ ಮೂರನೆಯ ಬಗೆಯನ್ನು ಮಾಡಲೇಬಾರದು ಅನ್ನುತ್ತಾಳೆ. ‘ಉಳುಕು ತೆಗೆಯಲಾಗುವುದು’ ಅಂತ ಬರೆದರೆ ಜನ ಬಂದು ಕೈ ಚಾಚಿ “ಎಳೀರಿ” ಅಂತಾರೆ. ಅದು ಬೇಡ.

ಚಿತ್ರದುರ್ಗದಿಂದ, 1.05

ವಿಷಯ ಅರ್ಥವಾಯಿತು ತಾಯಿ. ಆದರೆ ಈಗಲೇ ಹೇಳಿಬಿಡುತ್ತೇನೆ, ಕೀಲುಚಿಕಿತ್ಸೆ ಅನ್ನಲು ಹೊರಟೀರಿ. ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸುವ ದೋಷ.

ಹರಿಹರದಿಂದ, 1.09

ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೂ ಹಿಂದಿನವರ ಪ್ರಯೋಗಕ್ಕೂ ವಿನಾಯಿತಿ ಕೊಟ್ಟಿದ್ದಾನೆ. ‘ಮೂಳೆತಜ್ಞ’ ಎಲ್ಲ ಊರಿನ ಬೋರ್ಡಿನಲ್ಲೂ ಇದೆ. ಅಲ್ಲಿ ಅರಿ ಕಾಣಲಿಲ್ಲವೇ?

ಚಿತ್ರದುರ್ಗದಿಂದ, 1.14

ಕಂಡಿದೆ. ತಪ್ಪು ಹತ್ತು ಕಡೆ ಇದ್ದರೆ ಸರಿಯಾಗುವುದಿಲ್ಲ. ಸಂಸ್ಕೃತ ಬೇಡ ಅನ್ನುವವರು ಚಿಕಿತ್ಸೆಯನ್ನಾದರೂ ಏಕೆ ಇಟ್ಟುಕೊಳ್ಳುತ್ತೀರಿ? ಕೀಲು ಕೂಡ ಸಂಸ್ಕೃತದ ಕೀಲ, ಗೂಟ ಎಂದರ್ಥ.

ಹರಿಹರದಿಂದ, 1.17

ಕೀಲು ನಮ್ಮದೇ. ಅವರೇ ನಮ್ಮಿಂದ ತೆಗೆದುಕೊಂಡದ್ದು ಅನ್ನುವುದು ನನ್ನ ಊಹೆ.

ದಾವಣಗೆರೆಯ ಇನ್ನೊಬ್ಬ ಓದುಗರಿಂದ, 1.30

ಯಾರದಾದರೂ ಆಗಲಿ ಸ್ವಾಮಿ. ನಮ್ಮಜ್ಜ ದವಾಖಾನಿ ಅಂದರು, ನಾವು ಆಸ್ಪತ್ರೆ ಅಂತೀವಿ, ಎರಡೂ ಹೊರಗಿಂದ ಬಂದವೇ. ನೋವಿದ್ದವರು ಓದಿ ಒಳಗೆ ಬರಬೇಕು. ಕೈ ಆಡ್ತಿಲ್ಲ, ಮಂಡಿ ಆಡ್ತಿಲ್ಲ ಅಂತೀವಲ್ಲ, ‘ಬಿಡಿಸೋದು’ ಸರಿಹೋಗದಿದ್ದರೆ ‘ಕೀಲು ಆಡಿಸೋದು’ ಅನ್ರಿ.

ದಾವಣಗೆರೆಯಿಂದ, ಸಂಜೆ 4.20

ಇದೇ ಬೇಕಾಗಿತ್ತು. ಆಡದ ಕೀಲನ್ನು ಆಡಿಸುವುದು: ನಿಧಾನವೂ ಇದೆ, ಲಯವೂ ಇದೆ, ಎಳೆಯುವ ಭಯವಿಲ್ಲ.

ಬೋರ್ಡಿನ ಮೊದಲ ಸಾಲು: ಫಿಸಿಯೋಥೆರಪಿ. ಭೌತಚಿಕಿತ್ಸೆ ಅಂತ ಬರೆಯಬಹುದಿತ್ತು. ಆದರೆ ನಮ್ಮ ಬೀದಿಯಲ್ಲಿ ಅದನ್ನು ಹೇಳುವವರನ್ನು ನಾನು ಕಂಡಿಲ್ಲ, ಫಿಸಿಯೋಥೆರಪಿಯನ್ನು ಹೂ ಮಾರುವ ಅಜ್ಜಿಯೂ ಹೇಳುತ್ತಾರೆ. ಎರಡನೆಯ ಸಾಲು: ಕೀಲುನೋವಿಗೆ, ಉಳುಕಿಗೆ ಆಪರೇಷನ್ ಇಲ್ಲದೆ, ಕೈಯಿಂದಲೇ ಚಿಕಿತ್ಸೆ. ‘ಕೈಯಿಂದಲೇ’ ಅಂದಾಗ ಕೈಗೆ ಮಾತ್ರ ಅನ್ನುವ ಗೊಂದಲ ಹೋಯಿತು. ಅಮ್ಮನೂ ಒಪ್ಪಿದರು. ‘ಶಸ್ತ್ರಚಿಕಿತ್ಸಾರಹಿತ’ ಅಂತ ಹಾಕಿ ಅಂತ ಒಬ್ಬರು ಹೇಳಿದ್ದರು, ಹಾಕಲಿಲ್ಲ. ಕರಪತ್ರದಲ್ಲಿ ಮೂರು ಕ್ರಿಯಾಪದ: ನೀವುವುದು, ಆಡಿಸುವುದು, ಗಕ್ಕನೆ ತಳ್ಳುವುದು. ಮೂರನೆಯದರ ಕೆಳಗೆ ಯಾರಿಗೆ ಮಾಡಬಾರದು ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ.

ಚಿತ್ರದುರ್ಗದಿಂದ, 4.41

ಬೋರ್ಡಿನ ಸಾಲಿನಲ್ಲಿ ಸಮಾಸವೇ ಇಲ್ಲ, ವಿಭಕ್ತಿಯಿಂದ ಕೆಲಸ ಮಾಡಿದ್ದೀರಿ. ನನ್ನ ಆಕ್ಷೇಪವಿಲ್ಲ. ಕರಪತ್ರದಲ್ಲಿ ನಾಮಪದ ಬೇಕಾದರೆ ‘ಕೀಲಾಡಿಕೆ’ ಎಂದು ಕೂಡಿಸಿಯೇ ಬರೆಯಿರಿ. ‘ಕೀಲು ಆಡಿಕೆ’ ಬೇಡ. ಹಾಗೆಯೇ, ‘ತಳ್ಳುವುದು’ ದೂರ ದಬ್ಬಿದ ಹಾಗೆ ಕೇಳುತ್ತದೆ. ‘ಗಕ್ಕನೆ ಒತ್ತುವುದು’ ಆಗುತ್ತದೆಯೇ ಎಂದು ಆ ಮಗುವನ್ನೇ ಕೇಳಿ, ಕೈ ಅವಳದು.